ಮಾತು ನಿಂತಲ್ಲಿ ನಾದ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಶೋಕಗಾಯನ ಮತ್ತು ಒಂದು ಗಿಟಾರ್ ವಾದನ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ಸೀಮೆಯು ತತ್ತ್ವಪದ ಹಾಗೂ ಮೊಹರಂ ಪದಗಳ ಸಮೃದ್ಧ ನೆಲೆ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪನವರು ನೆಲೆನಿಂತದ್ದು ಹಿಂದೆ ಜೇವರ್ಗಿ ತಾಲೂಕಿನಲ್ಲಿದ್ದು ಈಗ ಯಡ್ರಾಮಿ ತಾಲೂಕಿಗೆ ಸೇರಿರುವ ಕಡಕೋಳದಲ್ಲಿ. ಚೆನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ, ತೆಲಗಬಾಳ ರೇವಪ್ಪ ಮೊದಲಾದವರ ಮೂಲಕ ಆ ಪರಂಪರೆ ಜಾತಿ ಮತಗಳ ಗೆರೆ ದಾಟಿ ಬೆಳೆಯಿತು. ಈ ಪದಗಳ ಸಂಗ್ರಹ, ಪಾಠಾಂತರ, ಗುರುಪರಂಪರೆ ಮತ್ತು ಪರಿಭಾಷೆಗಳ ಕುರಿತು ಕನ್ನಡ ಸಂಶೋಧನೆ ಗಣನೀಯ ಕೆಲಸ ಮಾಡಿದೆ. ಆದರೆ ಬೆಡಗಿನ ಅರ್ಥ ಬಿಡಿಸಲಾರದ ಕೇಳುಗನ ಕಣ್ಣೂ ಒದ್ದೆಯಾಗುವುದೇಕೆ ಎಂಬ ಪ್ರಶ್ನೆ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಪದವನ್ನು ಪಠ್ಯವೆಂದು ಮಾತ್ರ ಓದುವ ವಿಧಾನದಲ್ಲಿ ಈ ಪ್ರಶ್ನೆಗೆ ಎಡೆಯಿಲ್ಲ.

ಈ ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳಲು ದೂರದ ಒಂದು ನಿದರ್ಶನ ನೆರವಾಗುತ್ತದೆ. ಅಮೆರಿಕದ ಕಪ್ಪುಜನರ ಫಂಕ್ ಸಂಗೀತಕ್ಕೆ ಸೈಕೆಡೆಲಿಕ್ ರಾಕ್‌ನ ಭ್ರಾಮಕ ನಾದವನ್ನು ಬೆಸೆದ ಫಂಕಡೆಲಿಕ್ ತಂಡವು 1971ರಲ್ಲಿ ‘ಮ್ಯಾಗಟ್ ಬ್ರೇನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಡೆಟ್ರಾಯಿಟ್ ನಗರದಲ್ಲಿ ಮುದ್ರಣಗೊಂಡ ಅದರ ಶೀರ್ಷಿಕೆ ಕೃತಿ 10 ನಿಮಿಷಗಳಿಗೂ ತುಸು ದೀರ್ಘವಾದುದು. ಆರಂಭದ ಕೆಲವು ಆಡುಮಾತುಗಳನ್ನು ಬಿಟ್ಟರೆ ಉಳಿದುದೆಲ್ಲ ಎಡ್ಡಿ ಹೇಜಲ್ ಎಂಬ ತರುಣನ ಗಿಟಾರ್ ವಾದನ. ತಾಯಿ ತೀರಿಕೊಂಡ ಸುದ್ದಿ ಈಗಷ್ಟೇ ಕಿವಿಗೆ ಬಿತ್ತೆಂದು ಭಾವಿಸಿ ನುಡಿಸುವಂತೆ ತಾನು ಹೇಜಲ್‌ಗೆ ಸೂಚಿಸಿದ್ದಾಗಿ ತಂಡದ ನಾಯಕ ಜಾರ್ಜ್ ಕ್ಲಿಂಟನ್ ಮುಂದೆ ಹೇಳಿಕೊಂಡಿದ್ದಾನೆ. ವಾದನ ಮುಗಿದ ಮೇಲೆ ಉಳಿದ ವಾದ್ಯಗಳ ಧ್ವನಿಯನ್ನು ಆತ ಬಹುಪಾಲು ಅಡಗಿಸಿ, ಗಿಟಾರಿನ ನಾದಕ್ಕೆ ಪ್ರತಿಧ್ವನಿಯನ್ನು ಕೂಡಿಸಿದನು. 1992ರಲ್ಲಿ ಹೇಜಲ್ ತೀರಿಕೊಂಡಾಗ ಅವನ ಅಂತ್ಯಸಂಸ್ಕಾರದಲ್ಲಿ ಇದೇ ಕೃತಿಯನ್ನು ಕೇಳಿಸಲಾಯಿತು.

ಇಲ್ಲಿ ಏಳುವ ಮೊದಲ ಪ್ರಶ್ನೆ ಪ್ರಾಮಾಣಿಕತೆಯದು. ಹೇಜಲ್ ನುಡಿಸಿದ್ದು ಸಂಭವಿಸದ ಸಾವಿನ ದುಃಖವನ್ನು. ಹಾಗಾದರೆ ಅದು ಕೃತಕವೆ? ಈ ಸೀಮೆಯ ಮೊಹರಂ ರಿವಾಯತ್ ಪದಗಳು ಅದಕ್ಕೆ ಉತ್ತರದಂತಿವೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರಿಗಾಗಿ, ಅವರ ಬಂಧುಗಳಿಗಾಗಿ, ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗಾಗಿ ಇಲ್ಲಿನ ಹಾಡುಗಾರರು ಕನ್ನಡದಲ್ಲಿ ಶೋಕಿಸುತ್ತಾರೆ. ಹಾಡುವವರಲ್ಲಿ ಮುಸಲ್ಮಾನರಲ್ಲದವರೂ ಇರುತ್ತಾರೆ; ಅವರು ಕರ್ಬಲಾ ಕಂಡವರಲ್ಲ, ಆ ಮನೆತನಕ್ಕೆ ಸೇರಿದವರೂ ಅಲ್ಲ. ಆದರೂ ಅಲಾಯಿ ಕುಣಿಯ ಸುತ್ತ ಕೇಳುವ ಅಳಲನ್ನು ಸುಳ್ಳೆಂದು ಯಾರೂ ಎಣಿಸುವುದಿಲ್ಲ. ಭಟ್ಟನಾಯಕ ಹೇಳಿದ ಸಾಧಾರಣೀಕರಣದ ತತ್ತ್ವ ಇಲ್ಲಿ ಪ್ರಸ್ತುತವಾಗುತ್ತದೆ: ಶೋಕವು ‘ನನ್ನದು’, ‘ಪರರದು’ ಎಂಬ ಗುರುತು ಕಳಚಿಕೊಂಡಾಗಲೇ ಕರುಣರಸವಾಗುತ್ತದೆ. ಮನಸ್ಸಿಗೆ ತಂದುಕೊಂಡ ಸಾವು ಹಾಡುವವನ ಸ್ವಂತ ಸಾವುನೋವುಗಳನ್ನು ಕರೆದು ತರುವ ಬಾಗಿಲು ಮಾತ್ರ.

ಎರಡನೆಯದು ರಚನೆಯ ಪ್ರಶ್ನೆ. ಹೇಜಲ್‌ನ ವಾದನದ ಕೆಳಗೆ ಇನ್ನೊಂದು ಗಿಟಾರ್ ಒಂದೇ ಸ್ವರಗುಚ್ಛವನ್ನು ಬಿಡಿಬಿಡಿಯಾಗಿ, ನಿಧಾನವಾಗಿ ಮರಳಿ ಮರಳಿ ಮೀಟುತ್ತಿರುತ್ತದೆ. ಅದು ಬದಲಾಗದು, ಬದಲಾಗದ ಆ ನೆಲದ ಮೇಲೆಯೇ ಮೇಲಿನ ನಾದ ಬಿಕ್ಕುತ್ತದೆ, ಚೀರುತ್ತದೆ, ಸೋತು ಇಳಿಯುತ್ತದೆ. ತತ್ತ್ವಪದದ ಭಜನೆಯಲ್ಲಿ ಏಕತಾರಿಯದು ಇಂಥದೇ ಕೆಲಸ. ಒಂಟಿ ತಂತಿಯ ಶ್ರುತಿ ಕದಲದೆ ನಿಂತಿರುವುದರಿಂದಲೇ ಕೊರಳು ಅದರಿಂದ ಎಷ್ಟು ದೂರ ಸರಿಯಿತು, ಹೇಗೆ ಮರಳಿತು ಎಂಬುದು ಕೇಳುಗನ ಅನುಭವಕ್ಕೆ ಬರುತ್ತದೆ. ಸಾಲಿನ ಕೊನೆಯ ಸ್ವರಾಕ್ಷರವನ್ನು ಹಾಡುಗಾರ ಎಳೆದಾಗ ಅಲ್ಲಿ ಅರ್ಥ ಮುಗಿದಿರುತ್ತದೆ, ಭಾವ ಮಾತ್ರ ಮುಂದುವರಿಯುತ್ತಿರುತ್ತದೆ.

ಈ ಸಾಮ್ಯವನ್ನು ಅತಿಯಾಗಿ ಹಿಗ್ಗಿಸುವುದು ಸಲ್ಲದು. ಕ್ಲಿಂಟನ್ ಜೊತೆಗಾರರ ಧ್ವನಿಗಳನ್ನು ಕಳೆದು ಒಬ್ಬನನ್ನು ಒಂಟಿಯಾಗಿ ಉಳಿಸಿದನು. ರಿವಾಯತ್ತಿನಲ್ಲಾದರೋ ಮುಂದಾಳು ಎತ್ತಿದ ಸಾಲನ್ನು ಮೇಳದವರು ಮರಳಿ ಹಾಡಿ ತಮ್ಮದಾಗಿಸಿಕೊಳ್ಳುತ್ತಾರೆ. ಒಂದೆಡೆ ದುಃಖಿತನ ಸುತ್ತ ಯಾರೂ ಇಲ್ಲ. ಇನ್ನೊಂದೆಡೆ ದುಃಖ ಒಬ್ಬನಲ್ಲೇ ನಿಲ್ಲಲು ಬಿಡುವುದಿಲ್ಲ. ಮಹಾನಗರದ ಒಂಟಿತನಕ್ಕೂ ಊರ ಆಚರಣೆಗೂ ಇರುವ ಅಂತರ ಇದು. ತತ್ತ್ವಪದದ ಗಾಯಕನಿಗೆ ಶೋಕವೇ ಕೊನೆಯ ನಿಲುಗಡೆಯೂ ಅಲ್ಲ. ದೇಹದ ನಶ್ವರತೆಯನ್ನು ನೆನೆದು ಗುರುವಿನ ಅರಿವಿನತ್ತ ಸಾಗುವ ದಾರಿ ಅದು.

ಈ ಹೋಲಿಕೆಯಿಂದ ಸಂಶೋಧನೆಗೆ ಒದಗುವ ಎಚ್ಚರ ಗಮನಾರ್ಹ. ‘ಮ್ಯಾಗಟ್ ಬ್ರೇನ್’ ಕೃತಿಯನ್ನು ಕಾಗದದ ಮೇಲೆ ಇಳಿಸಿದರೆ ಆರಂಭದ ನಾಲ್ಕಾರು ಮಾತು ಬಿಟ್ಟು ಬೇರೇನೂ ಉಳಿಯದು. ಅದು ಧ್ವನಿಯಾಗಿ ಮುದ್ರಣಗೊಂಡುದರಿಂದ ಮಾತ್ರ ಅರ್ಧ ಶತಮಾನದ ನಂತರವೂ ಕೇಳುಗರನ್ನು ಕಲಕುತ್ತಿದೆ. ನಮ್ಮ ಪದಸಂಪುಟಗಳಲ್ಲಿ ಮಾತು ಉಳಿದಿದೆ ಎಂಬ ಕಾರಣಕ್ಕೆ ಪದವೇ ಉಳಿದಿದೆ ಎಂಬ ಭ್ರಮೆ ಹುಟ್ಟುತ್ತದೆ. ಏಕತಾರಿಯ ಶ್ರುತಿ, ಎಳೆದ ಸ್ವರಾಕ್ಷರ, ಮೇಳದವರು ದನಿಗೂಡಿಸುವ ಗಳಿಗೆ, ಸಾಲುಗಳ ನಡುವಿನ ಮೌನ ಇವಾವುವೂ ಮುದ್ರಿತ ಪುಟದಲ್ಲಿ ಇಲ್ಲ. ಹಿರಿಯ ಹಾಡುಗಾರರೊಬ್ಬರು ಕಣ್ಮರೆಯಾದಾಗ ನಷ್ಟವಾಗುವುದು ಪುಟಕ್ಕೆ ಸೇರದ ಈ ಭಾಗವೇ. ಆದ್ದರಿಂದ ಪ್ರತಿ ಸಂಪುಟದೊಡನೆ ಧ್ವನಿಮುದ್ರಣವೂ ಇರಬೇಕು. ಯಾರು, ಯಾವ ಊರಿನಲ್ಲಿ, ಯಾವ ಸಂದರ್ಭದಲ್ಲಿ ಹಾಡಿದರೆಂಬ ವಿವರ ಅದಕ್ಕೆ ಜೊತೆಯಾಗಬೇಕು. ಗ್ರಂಥಾಲಯಗಳು ಅದನ್ನು ಗ್ರಂಥದಷ್ಟೇ ಜತನದಿಂದ ಕಾಯಬೇಕು. ಮಡಿವಾಳಪ್ಪನವರ ಪದಗಳ ಅರ್ಥವನ್ನು ಮುಂದಿನ ತಲೆಮಾರು ಪುಸ್ತಕದಿಂದ ತಿಳಿದೀತು. ಅವು ಕೇಳಿದವರನ್ನು ಅಳಿಸಿದ ಬಗೆಯನ್ನು ತಿಳಿಯಲು ಅದಕ್ಕೆ ಕೊರಳು ಮತ್ತು ತಂತಿ ಎರಡೂ ಬೇಕು.