ಒಣಗಿದಂತೆ ಕಾಣುವ ಕಾಂಕ್ರೀಟ್: ಪರೀಕ್ಷೆಗಳು ಹೇಳುವುದೇನು?

ಕಾಂಕ್ರೀಟ್ ನೆಲದ ಮೇಲೆ ಅಂಟಿಸಿದ ವಿನೈಲ್ ಹಾಸು ಕೆಲವೇ ತಿಂಗಳಲ್ಲಿ ಉಬ್ಬಿ ಏಳುವುದುಂಟು. ಆಗ ಎಲ್ಲರೂ ಅಂಟನ್ನು ದೂರುತ್ತಾರೆ. ಆದರೆ ಅನೇಕ ವೇಳೆ ದೋಷವಿರುವುದು, ಹಾಸುವ ಮೊದಲು ತೇವವನ್ನು ಪರೀಕ್ಷಿಸಿದ ವಿಧಾನದಲ್ಲಿ.

ಸಿಮೆಂಟು ರಾಸಾಯನಿಕವಾಗಿ ಬಂಧಿಸಿಕೊಳ್ಳುವ ನೀರು ಅದರ ತೂಕದ ಸುಮಾರು ಕಾಲು ಭಾಗ ಮಾತ್ರ. ಕಲಸುವಾಗ ಹಾಕುವುದು ಹೆಚ್ಚುಕಡಿಮೆ ಅರ್ಧದಷ್ಟು. ಉಳಿದ ನೀರು ಸೂಕ್ಷ್ಮ ರಂಧ್ರಗಳಲ್ಲಿದ್ದು, ಬಹು ನಿಧಾನವಾಗಿ ಆವಿಯಾಗುತ್ತದೆ. ಹೀಗಾಗಿ ಮೇಲ್ಮೈ ಒಣಗಿದ್ದರೂ ಒಳಗೆ ತೇವವಿರುತ್ತದೆ. ಹಾಸು ಮುಚ್ಚಿದ ಮೇಲೆ ಈ ತೇವ ಮೇಲಕ್ಕೂ ಹರಡುತ್ತದೆ. ಜೊತೆಗೆ ಬರುವ ಕ್ಷಾರ ಅಂಟನ್ನು ಕೆಡಿಸುತ್ತದೆ.

ಎಲ್ಲಕ್ಕಿಂತ ಸುಲಭವಾದುದು ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ. 18 ಅಂಗುಲ ಚೌಕದ ಹಾಳೆಯ ಅಂಚುಗಳನ್ನು ನೆಲಕ್ಕೆ ಅಂಟಿಸಿ, ಕನಿಷ್ಠ 16 ಗಂಟೆಗಳ ನಂತರ ಅಡಿಯಲ್ಲಿ ಹನಿಗಳಿವೆಯೇ ಎಂದು ನೋಡುವುದು. ಹನಿ ಕಂಡರೆ ತೇವವಿದೆ ಎನ್ನಬಹುದು. ಕಾಣದಿದ್ದರೆ? ಹಾಳೆಯ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕೆಳಗಿಳಿದರೆ ತಾನೆ ಹನಿ ಮೂಡುವುದು! ಆದ್ದರಿಂದ ಹನಿಯಿಲ್ಲದ ಹಾಳೆ ಒಣ ನೆಲಕ್ಕೆ ಸಾಕ್ಷಿಯಲ್ಲ.

ಅಮೆರಿಕದಲ್ಲಿ ದಶಕಗಳಿಂದ ಬಳಕೆಯಲ್ಲಿರುವುದು ಕ್ಯಾಲ್ಸಿಯಂ ಕ್ಲೋರೈಡ್ ಪರೀಕ್ಷೆ. ಈ ಲವಣದ ತಟ್ಟೆಯನ್ನು ನೆಲದ ಮೇಲಿಟ್ಟು, ಪಾರದರ್ಶಕ ಮುಚ್ಚಳವನ್ನು ಬಿಗಿಯಾಗಿ ಅಂಟಿಸಿ, 60ರಿಂದ 72 ಗಂಟೆಗಳ ನಂತರ ತೂಗುತ್ತಾರೆ. 1000 ಚದರ ಅಡಿಗೆ 24 ಗಂಟೆಗಳಲ್ಲಿ 3 ಪೌಂಡ್, ಅಂದರೆ ಸುಮಾರು 1.36 ಕಿಲೋಗ್ರಾಂ, ಎಂಬುದು ಪರಿಚಿತ ಮಿತಿ. ಇಲ್ಲಿ ಸಿಗುವುದು ಅಂಕಿ. ಅದಕ್ಕೇ ನಂಬಿಕೆ ಹೆಚ್ಚು. ಆದರೆ ಆ ತೂಕ ಮುಖ್ಯವಾಗಿ ಮೇಲಿನ ತೆಳು ಪದರದಿಂದ ಬಂದದ್ದು. ಕೋಣೆಯ ಉಷ್ಣತೆ, ಆರ್ದ್ರತೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ತಕ್ಕಡಿ ಎಷ್ಟೇ ನಿಖರವಾಗಿದ್ದರೂ, ಅಳೆಯಬೇಕಾದುದನ್ನೇ ಅಳೆಯದಿದ್ದರೆ ಏನು ಫಲ?

ಹಾಸು ಮುಚ್ಚಿದ ಮೇಲೆ ಅಂಟಿಗೆ ತಗಲುವ ಆರ್ದ್ರತೆ ಎಷ್ಟು? ಕೇಳಬೇಕಾದ ಪ್ರಶ್ನೆ ಇದು. ಒಂದೇ ಬದಿಯಿಂದ ಒಣಗುವ ನೆಲದಲ್ಲಿ, ದಪ್ಪದ ಶೇ. 40ರಷ್ಟು ಆಳದಲ್ಲಿರುವ ಸಾಪೇಕ್ಷ ಆರ್ದ್ರತೆ ಇದನ್ನು ಸೂಚಿಸುತ್ತದೆ ಎಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧನೆಗಳು ತೋರಿಸಿದವು. 100 ಮಿಲಿಮೀಟರ್ ದಪ್ಪವಿದ್ದರೆ 40 ಮಿಲಿಮೀಟರ್ ಆಳಕ್ಕೆ ರಂಧ್ರ ಕೊರೆದು ಸಂವೇದಕ ಇಡಬೇಕು. 2002ರಲ್ಲಿ ಈ ವಿಧಾನ ಅಮೆರಿಕದ ಮಾನಕವಾಯಿತು. ಕಾಯಬೇಕಾದ ಅವಧಿಯನ್ನು 2018ರಲ್ಲಿ 72 ಗಂಟೆಗಳಿಂದ 24ಕ್ಕೆ ಇಳಿಸಲಾಯಿತು.

ಇದಕ್ಕೂ ಮಿತಿಗಳಿವೆ. ಸಂವೇದಕವನ್ನು ಆಗಾಗ ಸರಿನೋಡಬೇಕು. ಕಟ್ಟಡ ಬಳಕೆಯ ಉಷ್ಣತೆಯಲ್ಲಿರಬೇಕು. ಅಡಿಯಲ್ಲಿ ಪಾಲಿಥೀನ್ ತಡೆಯಿಲ್ಲದಿದ್ದರೆ ನೆಲದೊಳಗಿನ ತೇವ ಮೇಲೇರುತ್ತಲೇ ಇರುತ್ತದೆ. ಆಗ ಇಂದಿನ ಅಂಕಿ ನಾಳೆಗೆ ಭರವಸೆಯಾಗದು.

ತರಗತಿಯಲ್ಲಿ ಹಾಳೆಯ ಪರೀಕ್ಷೆಯನ್ನು ಅವಶ್ಯ ಮಾಡಿಸಿ. ಹನಿ ಮೂಡದಿದ್ದಾಗ 'ನೆಲ ಒಣಗಿದೆ' ಎಂದು ವಿದ್ಯಾರ್ಥಿಗಳು ಬರೆದರೆ, ಅಲ್ಲಿಂದಲೇ ನಿಜವಾದ ಪಾಠವನ್ನು ಆರಂಭಿಸಿ.