ಕೇಳಿದ್ದನ್ನೇ ಎರಡು ಸಲ ಕೇಳಿದರೆ

ಶಿಕ್ಷಕರ ಅರ್ಹತಾ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಶಿಶುವಿಕಸನಕ್ಕೆ 30 ಅಂಕ. ಆ ಅಂಕಕ್ಕಾಗಿ ನಮ್ಮಂಥವರು ರಾತ್ರಿಯೆಲ್ಲ ಕೂತು ಪಿಯಾಜೆಯ ನಾಲ್ಕು ಹಂತಗಳನ್ನು ಮಗ್ಗಿಯ ಹಾಗೆ ಉರು ಹೊಡೀತೇವೆ. ಕೆಲಸ ಸಿಕ್ಕ ಮೇಷ್ಟ್ರು ಹಳ್ಳಿ ಶಾಲೆಗೆ ಹೋಗಿ, ಹಿಂದಿನ ಸಾಲಲ್ಲಿ ಕೂತ ಕೇರಿ ಹುಡುಗನ್ನ ತೋರಿಸಿ 'ಇವನಿನ್ನೂ ಮೂರ್ತ ಹಂತ ದಾಟಿಲ್ಲ ಬಿಡಿ' ಅಂತಾರೆ. ಹಿಂದೆ ಹಣೆಬರಹ ಅನ್ನುತ್ತಿದ್ದರು, ಈಗ ಹಂತ ಅಂತಾರೆ.

ಪಿಯಾಜೆಯನ್ನು ಬೈಯಲು ನಾವು ಹೊರಟಿಲ್ಲ. ಮಗು ಖಾಲಿ ಕೊಡವಲ್ಲ, ತಾನೇ ಮುಟ್ಟಿ, ಎತ್ತಿ, ಕೆಡವಿ ಅರಿವನ್ನು ಕಟ್ಟಿಕೊಳ್ಳುತ್ತದೆ ಅಂತ ತೋರಿಸಿದ ಮನುಷ್ಯ ಆತ. ಬಾಯಿಪಾಠದ ಬೆತ್ತಕ್ಕೆ ಇದಕ್ಕಿಂತ ದೊಡ್ಡ ಏಟಿಲ್ಲ. ತಕರಾರು ಇರೋದು ಆತನ ಪರೀಕ್ಷೆಯ ಬಗ್ಗೆ. ಎರಡು ಸಾಲು ಬಿಲ್ಲೆ ಇಟ್ಟು ಎರಡೂ ಸಮವೇ ಅಂತ ಕೇಳುತ್ತಾರೆ. ಮಗು ಹೌದು ಅನ್ನುತ್ತದೆ. ದೊಡ್ಡವರು ಒಂದು ಸಾಲನ್ನು ಅಗಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಐದು ವರ್ಷದ ಮಗು 'ಉದ್ದದ ಸಾಲಲ್ಲಿ ಜಾಸ್ತಿ' ಅನ್ನುತ್ತದೆ. ಬುದ್ಧಿ ಬಲಿತಿಲ್ಲ ಅಂತ ತೀರ್ಪು!

1974ರಲ್ಲಿ ಮ್ಯಾಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ 80 ಮಕ್ಕಳ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಇಲ್ಲಿ ಸಾಲು ಕೆಡಿಸಿದ್ದು ಒಂದು ತುಂಟ ಗೊಂಬೆ ಕರಡಿ. ಆಗ ಸಮ ಎಂದ ಮಕ್ಕಳು ಬಹಳ ಹೆಚ್ಚು. ಅಂದರೆ ಎಷ್ಟೋ ಮಕ್ಕಳು ಮೊದಲ ಪರೀಕ್ಷೆಯಲ್ಲಿ ಬಿಲ್ಲೆ ನೋಡುತ್ತಿರಲಿಲ್ಲ, ಕೇಳುವವರ ಮುಖ ಓದುತ್ತಿದ್ದವು. ಇದನ್ನು ತಿಳಿಯೋಕೆ ನಮ್ಮ ಕೇರಿಗೆ ಕರಡಿ ಬೇಕಿರಲಿಲ್ಲ. ಧಣಿ 'ಎಷ್ಟು ಮೂಟೆ ಆಯ್ತ್ಲಾ' ಅಂತ ಒಂದು ಸಲ ಕೇಳಿದರೆ ಲೆಕ್ಕ ಹೇಳಬೇಕು. ಅದನ್ನೇ ಎರಡನೇ ಸಲ ಕೇಳಿದರೆ ಲೆಕ್ಕ ಬದಲಿಸಬೇಕು. ನಮ್ಮಪ್ಪ ಇದನ್ನು ಕಲಿತದ್ದು ಯಾವ ಹಂತದಲ್ಲಿ? ಗೈಡಿನಲ್ಲಿ ಬರೆದಿಲ್ಲ.

ಬ್ರೆಜಿಲ್ಲಿನ ರೆಸಿಫೆ ಪಟ್ಟಣದ ಸಂತೆಯಲ್ಲಿ ಕಾಯಿ, ಹಣ್ಣು ಮಾರುವ ಮಕ್ಕಳ ಬಗ್ಗೆ 1985ರಲ್ಲಿ ಬಂದ ಅಧ್ಯಯನವೂ ಇದೆ. ವ್ಯಾಪಾರದಲ್ಲಿ ನೂರಕ್ಕೆ 98 ಲೆಕ್ಕ ಸರಿ. ಅಂಥದೇ ಲೆಕ್ಕವನ್ನು ಬರೀ ಅಂಕಿಯಾಗಿ ಕೊಟ್ಟಾಗ ಸುಮಾರು 37. ದಡ್ಡತನ ಮಗುವಿನದೋ, ಪ್ರಶ್ನೆಯದೋ?

ವೈಗಾಟ್‌ಸ್ಕಿಯನ್ನೂ ನಾವು ಒಂದು ಅಂಕಕ್ಕೆ ಓದಿದೆವು. ಇವತ್ತು ಬಲ್ಲವರ ಆಸರೆಯಲ್ಲಿ ಮಾಡಿದ್ದನ್ನು ಮಗು ನಾಳೆ ತಾನೇ ಮಾಡುತ್ತದೆ ಎಂಬುದು ಆತನ ಮಾತಿನ ಸಾರ. ಹಾಗಾದರೆ ಪಕ್ಕದಲ್ಲಿ ಯಾರು ಕೂರುತ್ತಾರೆ ಅನ್ನೋದೇ ಪಾಠ. ಶಾಲೆಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕೂತ ಬಾಲಕ ಭೀಮರಾವ್ ಪಕ್ಕ ಯಾರಿದ್ದರು? ಸಿದ್ಧಾಂತ ಶಾಲೆಯನ್ನು ತಿದ್ದೋದಾದರೆ ಮಕ್ಕಳನ್ನು ಎಲ್ಲಿ ಕೂರಿಸುತ್ತೀರಿ, ಹೆಂಗೆ ಕರೆಯುತ್ತೀರಿ ಅನ್ನೋದರಿಂದ ಶುರುವಾಗಲಿ, ಮೇಷ್ಟ್ರೇ.

ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಪ್ರದೇಶದ ಹಳ್ಳಿಯದು. ಆರು, ಏಳನೇ ತರಗತಿ ಹುಡುಗರಿಗೆ ದಾರಿ ಹುಡುಕುವ ಚಿತ್ರಗಳು, ಬಿಡಿಸಿದ್ದಕ್ಕೆ ಕಾಸು. ಜಾತಿ ಎತ್ತದಿದ್ದಾಗ ದಲಿತರು, ಮೇಲ್ಜಾತಿಯವರು ಹೆಚ್ಚುಕಮ್ಮಿ ಸರಿಸಮ. ಹೆಸರು, ಊರು, ಅಪ್ಪ, ತಾತ, ಜಾತಿ ಎಲ್ಲರೆದುರು ಓದಿ ಹೇಳಿದಾಗ ದಲಿತ ಹುಡುಗರು ಹಿಂದೆ ಬಿದ್ದರು. ಅಷ್ಟರಲ್ಲಿ ಯಾವ ಹಂತದಿಂದ ಯಾವ ಹಂತಕ್ಕೆ ಇಳಿದರು?

ನಾವು ಏಳನೇ ತರಗತಿಯಲ್ಲಿದ್ದಾಗ ಸ್ಕಾಲರ್‌ಶಿಪ್ ಪಟ್ಟಿ ಹಿಡಿದು ಬಂದ ಮೇಷ್ಟ್ರು 'ಎಸ್ಸಿ ಹುಡುಗ್ರೆಲ್ಲ ಎದ್ ನಿಂತ್ಕಳ್ರೋ' ಅಂದರು. ನಿಂತೆವು. ಆಫೀಸು ರೂಮಿನಲ್ಲೂ ಆಗುವ ಕೆಲಸ ಅದು. ತಲೆ ಎಣಿಸಿ ಕೂರಿಸಿದರು. ಆವತ್ತು ಮುಂದಿನ ಪಿರಿಯಡ್ಡು ಗಣಿತ.