ಬೀಟ್ ಕೊಂಡವರ ಕೈಗೆ ಬರುವುದೇನು?

2019ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ಮೊದಲ ಸ್ಥಾನದಲ್ಲಿ 19 ವಾರ ಕೂತಿದ್ದ ‘ಓಲ್ಡ್ ಟೌನ್ ರೋಡ್’ ಹಾಡಿನ ಬೀಟ್, ಅಂದರೆ ದನಿ ಸೇರಿಸುವ ಮೊದಲಿನ ಸಿದ್ಧ ಸಂಗೀತ, ಮಾರಾಟವಾದದ್ದು ಮೂವತ್ತು ಡಾಲರಿಗೆ. ಹಾಡಿದವರು ಅಟ್ಲಾಂಟಾದ ಲಿಲ್ ನಾಸ್ ಎಕ್ಸ್. ಬೀಟ್ ಮಾಡಿದವರು ನೆದರ್ಲೆಂಡ್ಸ್‌ನ ಹುಡುಗ ಯಂಗ್‌ಕಿಯೊ. ಬೀಟ್‌ಸ್ಟಾರ್ಸ್ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ವ್ಯಾಪಾರ ಮುಗಿದುಹೋಗಿತ್ತು. ಮೂವತ್ತು ಡಾಲರಿನ ಅದೃಷ್ಟ ಎಂದು ಈ ಕತೆಯನ್ನು ಬೀಟ್ ಮಾರುವವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಅದರಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗುತ್ತದೆ.

ಆ ಹಾಡಿನ ಜೀವಾಳವಾದ ಬ್ಯಾಂಜೊ ನುಡಿಸಾಣಿಕೆ ಯಂಗ್‌ಕಿಯೊ ಅವರದಲ್ಲ. ಅದು ನೈನ್ ಇಂಚ್ ನೇಲ್ಸ್ ತಂಡ 2008ರಲ್ಲಿ ಹೊರತಂದ ‘ಘೋಸ್ಟ್ಸ್’ ಆಲ್ಬಮ್ಮಿನ ಒಂದು ತುಣುಕು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದ ಆಲ್ಬಮ್ ಅದು. ಯಾರು ಬೇಕಾದರೂ ಬಳಸಬಹುದಿತ್ತು, ಆದರೆ ದುಡ್ಡು ಮಾಡುವುದಕ್ಕೆ ಬಳಸುವಂತಿರಲಿಲ್ಲ. ಬೀಟ್ ಮಾರಾಟವಾದಾಗ ಆ ಅನುಮತಿ ಯಾರ ಕೈಯಲ್ಲೂ ಇರಲಿಲ್ಲ. ಹಾಡು ಏರತೊಡಗಿದ ಮೇಲೆ ಮಾತುಕತೆ ನಡೆದು, ಆ ತಂಡದ ಟ್ರೆಂಟ್ ರೆಜ್ನರ್ ಮತ್ತು ಆಟಿಕಸ್ ರಾಸ್ ಅವರ ಹೆಸರು ಹಾಡಿನ ಕರ್ತೃಗಳ ಸಾಲಿಗೆ ಸೇರಿತು. ಅವರು ಅಡ್ಡ ಬರಲಿಲ್ಲ, ಎಲ್ಲ ಸುಸೂತ್ರವಾಯಿತು. ಅಡ್ಡ ಬಂದಿದ್ದರೆ? ಕೆಳಗಿಳಿಯಬೇಕಾಗಿದ್ದದ್ದು ಕೊಂಡವನ ಹಾಡು.

ಬೀಟ್ ಮಾರಾಟದ ಈಗಿನ ಪದ್ಧತಿಯನ್ನು ಅಳೆಯುವುದಿದ್ದರೆ ಅದು ಹಸ್ತಾಂತರಿಸುವ ಫೋಲ್ಡರನ್ನು ಬಿಚ್ಚಿ ನೋಡಿಯೇ ಅಳೆಯಬೇಕು. ಅಗ್ಗದ ಲೀಸ್, ಅಂದರೆ ಬಳಸುವ ಪರವಾನಗಿ ಮಾತ್ರ, ತೆಗೆದುಕೊಂಡರೆ ಒಂದು ಎಂಪಿ3 ಬರುತ್ತದೆ. ಇನ್ನಷ್ಟು ಕೊಟ್ಟರೆ ವೇವ್ ಫೈಲ್. ಅದಕ್ಕೂ ಮೇಲಿನ ದರಕ್ಕೆ ಸ್ಟೆಮ್ಸ್, ಅಂದರೆ ಕಿಕ್, ಸ್ನೇರ್, ಹೈಹ್ಯಾಟ್, ಬೇಸ್, ಮೆಲೊಡಿ ಇವೆಲ್ಲ ಬೇರೆಬೇರೆ ಫೈಲುಗಳಾಗಿ. ಎಲ್ಲಕ್ಕಿಂತ ಮೇಲೆ ಎಕ್ಸ್‌ಕ್ಲೂಸಿವ್, ಅಂದರೆ ಬೀಟನ್ನು ಮತ್ತೆ ಯಾರಿಗೂ ಮಾರದಂತೆ. ಬಡ ಹುಡುಗರಿಗೂ ಬಾಗಿಲು ತೆರೆದ ವ್ಯವಸ್ಥೆ ಇದು ಎಂಬುದನ್ನು ಒಪ್ಪಲೇಬೇಕು. ಸ್ಟುಡಿಯೊ ಬಾಡಿಗೆ, ವಾದ್ಯಗಾರರ ಸಂಭಾವನೆ ಯಾವುದೂ ಇಲ್ಲದೆ ಹುಬ್ಬಳ್ಳಿಯ ಕೋಣೆಯೊಂದರಲ್ಲಿ ಕೂತು ರ‍್ಯಾಪ್ ಮಾಡಬಹುದಾದದ್ದು ಇದರಿಂದಲೇ. ಆದರೆ ಸ್ಟೆಮ್ಸ್ ಅನ್ನು ದುಬಾರಿ ಮೆಟ್ಟಿಲಿಗೆ ಏರಿಸಿಟ್ಟದ್ದನ್ನು ನಾನು ಒಪ್ಪಲಾರೆ.

ಯಾಕೆಂದರೆ ಒಂದೇ ಫೈಲಾಗಿ ಬಂದ ಬೀಟಿನಲ್ಲಿ ದನಿಗೆ ಜಾಗ ಮಾಡುವುದು ಬಹಳ ಕಷ್ಟ. ಮಾರಾಟಕ್ಕಿಟ್ಟ ಬೀಟನ್ನು ಕೇಳಿದೊಡನೆ ಹೊಡೆಯುವಂತೆ ಲಿಮಿಟರ್ ಹಾಕಿ ಸದ್ದನ್ನು ಕೊನೆಯವರೆಗೂ ಏರಿಸಿರುತ್ತಾರೆ. ಪಿಯಾನೊ ಅಥವಾ ಗಿಟಾರಿನ ಮೆಲೊಡಿ ಇರುವುದು ಮನುಷ್ಯನ ದನಿ ಇರುವ ಮಧ್ಯದ ಆವರ್ತನಗಳಲ್ಲೇ. ದನಿ ಮುಂದೆ ಬರಲೆಂದು ಮಿಕ್ಸಿಂಗ್ ಮಾಡುವವರು ಆ ಭಾಗವನ್ನು ತಗ್ಗಿಸಿದರೆ ಮೆಲೊಡಿಯ ಜೊತೆಗೆ ಸ್ನೇರಿನ ಮೈಯೂ ಸೊರಗುತ್ತದೆ. ಕನ್ನಡದ ರ‍್ಯಾಪ್‌ಗೆ ಈ ತೊಂದರೆ ಇನ್ನೂ ಹೆಚ್ಚು. ವೇಗವಾಗಿ ಹೇಳುವಾಗ ನಮ್ಮ ಒತ್ತಕ್ಷರಗಳು, ‘ಸ’ಕಾರ ‘ಚ’ಕಾರಗಳು ಕಿವಿಗೆ ಬೀಳುವುದು ಮೇಲಿನ ಆವರ್ತನಗಳಿಂದ, ಹೈಹ್ಯಾಟ್ ಸದ್ದು ಮಾಡುವುದೂ ಅಲ್ಲೇ. ಹೈಹ್ಯಾಟ್ ಬೇರೆ ಫೈಲಾಗಿ ಕೈಯಲ್ಲಿದ್ದರೆ ಎರಡು ಡೆಸಿಬಲ್ ಇಳಿಸಿದರಾಯಿತು, ಪದ ತಿಳಿಯಾಗಿ ಕೇಳುತ್ತದೆ. ಕೈಯಲ್ಲಿ ಇಲ್ಲದಿದ್ದರೆ ಸಾಹಿತ್ಯ ಬರೆದವನ ಶ್ರಮ ಮಂಜಾಗುತ್ತದೆ. ಯೂಟ್ಯೂಬಿನಲ್ಲಿ ಎಷ್ಟೋ ಕನ್ನಡ ರ‍್ಯಾಪ್ ಹಾಡುಗಳ ಸಾಲುಗಳು ಸಬ್‌ಟೈಟಲ್ ಇಲ್ಲದೆ ಅರ್ಥವಾಗದಿರಲು ಇದೂ ಒಂದು ಕಾರಣ ಎಂದೇ ನನ್ನ ಅಂದಾಜು.

ಸ್ಟೆಮ್ಸ್ ಕೊಟ್ಟವರೂ ಸರಿಯಾಗಿ ಕೊಡುತ್ತಾರೆಂದಿಲ್ಲ. ಎಲ್ಲ ಫೈಲುಗಳೂ ಹಾಡಿನ ಸೊನ್ನೆಯಿಂದಲೇ ಶುರುವಾಗಬೇಕು, ಆಗ ಒಂದರ ಕೆಳಗೊಂದು ಇಟ್ಟರೆ ತಾನೇ ಕೂಡಿಕೊಳ್ಳುತ್ತವೆ. ಲಯದ ವೇಗ, ಅಂದರೆ ಬಿಪಿಎಂ ಎಷ್ಟು, ಶ್ರುತಿ ಯಾವುದು ಎಂಬುದು ಫೋಲ್ಡರಿನ ಹೆಸರಲ್ಲೇ ಇರಬೇಕು. ‘ಆಡಿಯೊ 17’ ಎಂದು ಹೆಸರಿಟ್ಟ ಫೈಲನ್ನು ತೆರೆದು ಅದು ಕ್ಲ್ಯಾಪೋ ಶೇಕರೋ ಎಂದು ಹುಡುಕಿಸುವುದು ಕೊಂಡವರ ಹೊತ್ತನ್ನು ತಿನ್ನುವ ಕೆಲಸ.

ಪ್ರೊಡ್ಯೂಸರುಗಳ ಭಯವನ್ನೂ ಹೇಳಬೇಕು. ಸ್ಟೆಮ್ಸ್ ಕೊಟ್ಟರೆ ತಿಂಗಳುಗಟ್ಟಲೆ ಕೂತು ರೂಪಿಸಿದ ಡ್ರಮ್ಮಿನ ಸದ್ದು, ಮೆಲೊಡಿ ಲೂಪು ಬೇರೊಬ್ಬರ ಬೀಟಿಗೆ ಹೋಗುತ್ತದೆ ಎನ್ನುತ್ತಾರೆ. ನಿಜವಾದ ಭಯವೇ. ಹಾಗಿದ್ದರೆ ಎಲ್ಲವನ್ನೂ ಬಿಡಿಸಿ ಕೊಡುವುದು ಬೇಡ. ಡ್ರಮ್ಸ್, ಬೇಸ್, ಮೆಲೊಡಿ ಎಂದು ಮೂರು ಗುಂಪು ಮಾಡಿ ಕೊಡಲಿ. ಅಗ್ಗದ ಲೀಸ್‌ಗೂ ಇಷ್ಟು ಸೇರಿದರೆ ಯಾರ ಗುಟ್ಟೂ ಹೊರಬೀಳುವುದಿಲ್ಲ, ಹಾಡು ಮಾತ್ರ ಚೆನ್ನಾಗುತ್ತದೆ.

ಇನ್ನು ಒಪ್ಪಂದದ ಕಾಗದ. ಲೀಸ್ ಕೊಟ್ಟ ಬೀಟ್ ಒಬ್ಬರದೇ ಆಗಿರುವುದಿಲ್ಲ, ಅದೇ ಬೀಟನ್ನು ಹತ್ತಾರು ಜನ ಕೊಂಡಿರಬಹುದು. ಅವರಲ್ಲಿ ಒಬ್ಬರು ತಮ್ಮ ಹಾಡನ್ನು, ಒಂದೇ ಸಂಗೀತವನ್ನು ತಾನೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿಗೆ ಸೇರಿಸಿದರೂ ಉಳಿದವರ ಹಾಡುಗಳಿಗೆಲ್ಲ ಹಕ್ಕು ನೋಟಿಸ್ ಬರತೊಡಗುತ್ತದೆ. ಎಷ್ಟೋ ಒಪ್ಪಂದಗಳಲ್ಲಿ ಇದಕ್ಕೆ ನಿಷೇಧವಿದೆ, ಇಷ್ಟು ಸ್ಟ್ರೀಮ್ ದಾಟಿದರೆ ಮತ್ತೆ ದುಡ್ಡು ಕಟ್ಟಬೇಕು ಎಂಬ ಮಿತಿಯೂ ಇದೆ. ಓದುವವರು ಕಡಿಮೆ. ನಮ್ಮಲ್ಲಂತೂ ಪರಿಚಯದ ಪ್ರೊಡ್ಯೂಸರಿಗೆ ಯುಪಿಐನಲ್ಲಿ ದುಡ್ಡು ಹಾಕಿ, ಡ್ರೈವ್ ಲಿಂಕ್ ತೆಗೆದುಕೊಂಡು, ‘ಫುಲ್ ರೈಟ್ಸ್ ನಿಂದೇ ಮಗಾ’ ಎಂಬ ಮಾತನ್ನೇ ಪತ್ರವೆಂದು ನಂಬುವುದು ರೂಢಿ. 1957ರ ಭಾರತದ ಕೃತಿಸ್ವಾಮ್ಯ ಕಾಯ್ದೆ ಬಾಯಿಮಾತಿನ ಹಕ್ಕು ವರ್ಗಾವಣೆಯನ್ನು ಒಪ್ಪುವುದಿಲ್ಲ, ಬರವಣಿಗೆಯಲ್ಲಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಮಾತ್ರ ಎಂದೂ ಅದು ಗ್ರಹಿಸುತ್ತದೆ. ದುಬೈನಲ್ಲೂ ಕೇಳಿಬರುವ ಹಾಡಿಗೆ ಭಾರತದೊಳಗಿನ ಹಕ್ಕು ಸಾಕೇ? ಅದೇ ಕಾಯ್ದೆಗೆ 2012ರಲ್ಲಾದ ತಿದ್ದುಪಡಿಯ ಪ್ರಕಾರ ಸಂಗೀತ ರಚಿಸಿದವರು ರಾಯಲ್ಟಿಯ ತಮ್ಮ ಪಾಲನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೋ ಕೃತಿಸ್ವಾಮ್ಯ ಸಂಘಕ್ಕೋ ಮಾತ್ರ ಅದನ್ನು ವಹಿಸಬಹುದು. ಹೀಗಾಗಿ ‘ಫುಲ್ ರೈಟ್ಸ್’ ಎಂಬುದನ್ನು ಮಾರುವವರೂ ಕೊಳ್ಳುವವರೂ ತಪ್ಪಾಗಿ ತಿಳಿದಿದ್ದಾರೆ.

ಬೆಲೆಯ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ಇಂಗ್ಲೆಂಡಿನ ಮೆನೇಸ್ ಎಂಬ ಪ್ರೊಡ್ಯೂಸರಿನಿಂದ ಡಿಸೈನರ್ ಎಂಬ ರ‍್ಯಾಪರ್ 200 ಡಾಲರಿಗೆ ಕೊಂಡ ಬೀಟ್ ‘ಪಾಂಡಾ’ ಹಾಡಾಗಿ 2016ರಲ್ಲಿ ಹಾಟ್ 100ರ ಮೊದಲ ಸ್ಥಾನಕ್ಕೆ ಹೋಯಿತು. ಬೀಟ್ ಮುಂದೆ ಏನಾಗುತ್ತದೆಂದು ಮಾರುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಿರುವುದು ಒಂದೇ: ಅದರೊಳಗೆ ಏನೇನು ಹಾಕಿದ್ದೇವೆ, ಯಾವುದು ಎಲ್ಲಿಂದ ಬಂತು ಎಂಬುದು. ಅದು ಪ್ರೊಡ್ಯೂಸರಿಗೆ ಮಾತ್ರ ಗೊತ್ತಿರುವುದರಿಂದ ಹೇಳುವ ಹೊಣೆಯೂ ಅವರದೇ. ಯಾವ ಲೂಪು ಸ್ವಂತದ್ದು, ಯಾವುದು ಸ್ಯಾಂಪಲ್ ಪ್ಯಾಕಿನದು, ಯಾವುದಕ್ಕೆ ಇನ್ನೂ ಅನುಮತಿ ಬೇಕು ಎಂದು ಬರೆದ ಒಂದು ಪುಟ ಫೋಲ್ಡರಿನಲ್ಲಿ ಇರಲೇಬೇಕು. ಹಾಡುವ ಗೆಳೆಯರೇ, ದುಡ್ಡು ಹಾಕುವ ಮುಂಚೆ ಆ ಪುಟ ಕೇಳಿ, ಸಹಿ ಮಾಡಿಸಿಕೊಳ್ಳಿ. ಕೊಡಲು ಒಪ್ಪದವರ ಬೀಟ್ ಎಷ್ಟೇ ಚೆನ್ನಾಗಿದ್ದರೂ ಕೊಳ್ಳಬೇಡಿ.